ಮಗ್ಗುಲಿಗೆ ಬೀಳುವ ಮರೆವು

ನಾನು ಸುಳ್ಳು ಹೇಳುವವನಲ್ಲ. ಹೇಳಿದರೂ ಸಣ್ಣ ಸುಳ್ಳಿಗೆ ಬಾಯಿ ಹೊಲಸು ಮಾಡಿಕೊಳ್ಳುವವನಂತೂ ಅಲ್ಲವೇ ಅಲ್ಲ. ಆದ್ದರಿಂದ ಈಗ ಹೇಳುವುದನ್ನು ಕಣ್ಣು ಮುಚ್ಚಿ ನಂಬಿ. ನಮ್ಮೂರಿನಲ್ಲಿ ಯಾರಾದರೂ ಏನಾದರೂ ಮರೆತರೆ ಅದು ಗಾಳಿಗೆ ಹೋಗುವುದಿಲ್ಲ. ಆ ಹೊತ್ತಿಗೆ ಮಗ್ಗುಲಲ್ಲಿ ಯಾರಿರುತ್ತಾರೋ ಅವರ ತಲೆಗೆ ಬೀಳುತ್ತದೆ. ಎಡಕ್ಕೋ ಬಲಕ್ಕೋ ಎಂದು ಕೇಳಿದರೆ, ಯಾವ ಕಡೆ ವಾಲಿದ್ದಾರೋ ಆ ಕಡೆಗೆ. ಮರೆತವರಿಗೆ ಮರೆತೇ ಹೋಗುತ್ತದೆ, ಮಗ್ಗುಲಿನವರಿಗೆ ಮಾತ್ರ ನಿನ್ನೆ ಸ್ವತಃ ತಾವೇ ಕಂಡುಂಡಂತೆ ನೆನಪಾಗುತ್ತದೆ.

ಇದಕ್ಕೆ ತಕ್ಕಂತೆ ನಾವೂ ಬದುಕು ಹೊಂದಿಸಿಕೊಂಡಿದ್ದೇವೆ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ತಾಯಂದಿರು ಅಳುವುದು ಕಡಿಮೆ, ಬುದ್ಧಿ ಹೇಳುವುದು ಹೆಚ್ಚು: "ಅತ್ತಿ ಮಗ್ಗಲಾ ಕುಂದರು, ಸಾರಿನ ಪುಡಿ ಗುಟ್ಟು ತಾನ ಬೀಳ್ತದ." ನಿವೃತ್ತ ಗಣಿತದ ಮಾಸ್ತರು ಕಟ್ಟೆಯ ಮೇಲೆ ತೂಕಡಿಸತೊಡಗಿದರೆ ಪರೀಕ್ಷೆಗೆ ಕಟ್ಟಿದವರೆಲ್ಲ ಅವರಿಗೆ ಒತ್ತಿಕೊಂಡು ಕೂರುತ್ತಾರೆ. ನಮ್ಮ ಚೇರ್ಮನ್ ಸೋಮನಗೌಡರು ಎಲ್ಲಿ ಹೋದರೂ ಎರಡು ಕಂಬಗಳ ನಡುವೆಯೇ ಕೂರುತ್ತಾರೆ. ಚುನಾವಣೆಯಲ್ಲಿ ಕೊಟ್ಟ ಮಾತುಗಳೆಲ್ಲ ಎಲ್ಲಿವೆ ಎಂದು ಆ ಕಂಬಗಳನ್ನು ಕೇಳಬೇಕು. ಇನ್ನು ನನ್ನ ಜ್ಞಾಪಕಶಕ್ತಿಯೋ, ಅದರ ಮಾತೇ ಬೇಡ. ಇಡೀ ಜನ್ಮದಲ್ಲಿ ನಾನು ಮರೆತದ್ದು ಒಂದೇ ಸಲ. ಆಗ ಮಗ್ಗುಲಲ್ಲಿ ನಿಂತಿದ್ದ ಎಮ್ಮೆ ಇವತ್ತಿಗೂ ಹದಿನೇಳರ ಮಗ್ಗಿಯ ಲಯಕ್ಕೆ ತಲೆಯಾಡಿಸುತ್ತ ಮೇಯುತ್ತದೆ.

ಆದರೆ ಕಥೆ ನನ್ನದಲ್ಲ, ನಿಂಬೆವ್ವನದು. ಬಸ್ ನಿಲ್ದಾಣದ ಎದುರಿಗೆ ಅವಳ ಖಾನಾವಳಿ. ಜೋಳದ ರೊಟ್ಟಿ, ಶೇಂಗಾ ಚಟ್ನಿ ಎಲ್ಲ ಕಡೆಯೂ ಸಿಗುತ್ತವೆ. ಸೋಯಾ ವಡಿ ಪಲ್ಯ ಮಾತ್ರ ಅವಳದೇ. ಒಣಗಿದ ಸ್ಪಂಜಿನಂಥ ಆ ವಡಿಯನ್ನು ಬಿಸಿನೀರಲ್ಲಿ ನೆನೆಹಾಕಿ, ಹಗೆಯವನ ಕತ್ತು ಹಿಂಡಿದ ಹಾಗೆ ಹಿಂಡಿ, ಉಳ್ಳಾಗಡ್ಡಿ ಬಳ್ಳೊಳ್ಳಿಯಲ್ಲಿ ಹುರಿದು, ಮೇಲೆ ಗುರೆಳ್ಳು ಪುಡಿ ಉದುರಿಸಿದಳೆಂದರೆ, ನಿಲ್ಲಬಾರದ ಎಕ್ಸ್‌ಪ್ರೆಸ್ ಬಸ್ಸುಗಳೂ ಕೆಟ್ಟು ನಿಲ್ಲುತ್ತಿದ್ದವು. ಕುರಿ ತಿನ್ನುವವರು ಕುರಿಯನ್ನೂ, ತಿನ್ನದವರು ಮಡಿಯನ್ನೂ ಮರೆಯುತ್ತಿದ್ದರು. ಒಂದೇ ಪಂಕ್ತಿಯಲ್ಲಿ ನಾನು ಎಷ್ಟು ರೊಟ್ಟಿ ತಿಂದೆನೆಂದು ಹೇಳಿದರೆ ನೀವು ನಂಬುವುದಿಲ್ಲ. ಹೇಳುವುದಿಲ್ಲ ಬಿಡಿ.

ಅವಳ ಗಂಡ ಈರಭದ್ರಪ್ಪ ಅದೇ ನಿಲ್ದಾಣದಲ್ಲಿ ಬಸ್ ಕೂಗುತ್ತಿದ್ದ ಕಂಟ್ರೋಲರ್. ಮೈಕು ಅವನಿಗೆ ಬರೀ ಶೋಕಿಗೆ. ಅವನು ಕೂಗಿದರೆ ಮೂರು ಊರಾಚೆ ಮಲಗಿದ್ದ ಡ್ರೈವರುಗಳು ಎದ್ದು ಕೂರುತ್ತಿದ್ದರು. ಯಾವ ಬಸ್ಸು, ಯಾವ ಹೊತ್ತು, ಬಂದು ನಿಲ್ಲುವ ಕಟ್ಟೆ ಯಾವುದು, ಎಲ್ಲ ಬಾಯಲ್ಲೇ. ನಿವೃತ್ತಿಯಾದ ಕೆಲ ಕಾಲಕ್ಕೆ, ಒಂದು ಮಧ್ಯಾಹ್ನ, ಅವನ ಮಗ್ಗುಲಲ್ಲಿ ಕೂತು ರೊಟ್ಟಿ ಬಡಿಯುತ್ತಿದ್ದ ನಿಂಬೆವ್ವನಿಗೆ ಇದ್ದಕ್ಕಿದ್ದಂತೆ ಕರಡಿಗುಡ್ಡದ ಬಸ್ಸಿನ ಹೊತ್ತು ನೆನಪಾಯಿತು. ಅವಳು ಜನ್ಮದಲ್ಲಿ ಕರಡಿಗುಡ್ಡಕ್ಕೆ ಹೋದವಳಲ್ಲ. ಹಿಟ್ಟಿನ ಕೈ ಹಾಗೇ ನಿಂತಿತು. ಗಂಡನಿಗೆ ಮರೆವಿನ ರೋಗ ಶುರುವಾಯಿತೆಂದು ಆಕೆಗೆ ತಿಳಿದದ್ದು ಹೀಗೆ, ತನಗೆ ಹೊಸದೊಂದು ನೆನಪು ಬಂದಾಗ.

ಅಂದಿನಿಂದ ಆಕೆ ಅವನ ಮಗ್ಗುಲು ಬಿಡಲಿಲ್ಲ. ಅವನ ಮಂಚವನ್ನೇ ಒಲೆಯ ಹತ್ತಿರಕ್ಕೆ ತಂದಳು. ಎಡಕ್ಕೆ ತಾನು, ಬಲಕ್ಕೆ ಜೋಳದ ಚೀಲ. ಗಿರಾಕಿಗಳು ಅತ್ತ ಸುಳಿಯುವ ಹಾಗಿಲ್ಲ. ಬಸ್ಸುಗಳೆಲ್ಲ ಒಂದೊಂದಾಗಿ ಅವಳ ತಲೆಗೆ ಬಂದು ನಿಂತವು. ಆಮೇಲೆ ಅವನ ಮೊದಲ ಖಾಕಿ ಅಂಗಿಯ ತುರಿಕೆ ಬಂತು, ಶಾಲೆಯಲ್ಲಿ ತಿಂದ ಏಟು ಬಂತು, ಅವನ ತಾಯಿಯ ಜೋಗುಳ ಬಂತು. ಅವನು ಕಕ್ಕಾಬಿಕ್ಕಿಯಾಗಿ ಸುತ್ತ ನೋಡಿದಾಗಲೆಲ್ಲ ಆಕೆ ಅವನದನ್ನೇ ಅವನಿಗೆ ತಿರುಗಿ ಹೇಳುವಳು: "ನಿಮ್ಮವ್ವನ ಹೆಸರು ನೀಲವ್ವ ಅಲ್ಲೇನ್ರಿ? ಹಾಡು ಹೇಳ್ತಿದ್ಳಲ್ರಿ ನಿಮಗ." ಅವನು "ಹೌದಲ್ಲಾ!" ಎಂದು ನಗುವನು. ಸಂಸಾರ ನಡೆಯುತ್ತಿತ್ತು.

ಒಂದೇ ಒಂದು ಬಾಕಿ ಇತ್ತು. ಅವನಿಗೆ ನಿಂಬೆವ್ವ ಇನ್ನೂ ಗೊತ್ತಿದ್ದಳು. ಅದೂ ಒಂದು ದಿನ ಹೋಗುತ್ತದೆಂದು ಆಕೆಗೆ ಗೊತ್ತಿತ್ತು. "ನನ್ನ ಮರೀತಾರ, ಮರೀಲಿ," ಎಂದು ನನ್ನೆದುರಿಗೇ ಅಂದಿದ್ದಳು, "ಆದರ ನನ್ನ ಮಗ್ಗಲದಾಗ ಮರೀಲಿ. ನಾ ಅವರ ಕಣ್ಣಿಗೆ ಹೆಂಗ ಕಂಡೀನಿ ಅನ್ನೂದು ಒಮ್ಮೆ ನನ್ನ ತಲ್ಯಾಗ ಬೀಳಲಿ. ಇಷ್ಟ ವರ್ಷ ರೊಟ್ಟಿ ಬಡದದ್ದಕ್ಕ ಅಷ್ಟು ಬ್ಯಾಡೇನು?"

ಇಂಥ ಹೊತ್ತಿಗೆ ಪೇಪರಿನ ಮೂಲೆಯಲ್ಲಿ ಆ ಸುದ್ದಿ ಬಂತು. ಎಲ್ಲೋ ದೂರದ ದೇಶದಲ್ಲಿ ಪನೀರಿನಂಥ ಸೋಯಾ ಹಾಲಿನ ಗಟ್ಟಿಯನ್ನು ಬಹಳ ತಿನ್ನುವ ಮುದುಕರಲ್ಲಿ ಮರೆವು ತುಸು ಹೆಚ್ಚು ಕಂಡಿತಂತೆ, ನಂಟಿರಬಹುದೇ ಎಂಬ ಅನುಮಾನವಂತೆ, ಇನ್ನೂ ಹೆಚ್ಚಿನ ಅಧ್ಯಯನ ಬೇಕಂತೆ. ಕ್ಷೌರದಂಗಡಿಯಲ್ಲಿ ಓದಿದಾಗ ಇಷ್ಟೂ ಇತ್ತು. ಚಹಾದಂಗಡಿ ಮುಟ್ಟುವಷ್ಟರಲ್ಲಿ "ಅಧ್ಯಯನ ಬೇಕು" ಉದುರಿತು. ಕಿರಾಣಿ ಅಂಗಡಿಯ ಹತ್ತಿರ "ಅನುಮಾನ" ಉದುರಿತು. ಸಂಜೆ ನಳದ ಪಾಳಿಯಲ್ಲಿ ನಿಂತವರಿಗೆ ತಲುಪಿದ್ದು ಇಷ್ಟೇ: ಸೋಯಾ ತಿಂದವನು ಹೆಂಡತಿಯನ್ನು ಮರೆಯುತ್ತಾನೆ.

ಮರುದಿನದಿಂದ ಊರಿಗೆ ಊರೇ ನಿರಪರಾಧಿಯಾಯಿತು. ರವಿಕೆ ಹೊಲಿದು ಕೊಡದ ಟೇಲರ್ "ಸೋಯಾ ತಿಂದಿದ್ನಿ, ನೆಪ್ಪ ಹಾರಿತು" ಅಂದ. ಅತ್ತೆ ಬಂದ ದಿನವೇ ಮನೆ ಬಿಟ್ಟು ಹೋಗಿದ್ದ ಅಳಿಯ ಅದನ್ನೇ ಅಂದ. ಚೇರ್ಮನ್ನರು ಕೂಡ ರಸ್ತೆಯ ಮಾತೆತ್ತಿದವರ ಮುಂದೆ ನಿಟ್ಟುಸಿರು ಬಿಟ್ಟು, "ನಿಂಬೆವ್ವನ ಕಡೆ ಎರಡು ಸಲ ಉಂಡಿದ್ನೆಪಾ, ಏನ್ ಮಾಡೂದು" ಅಂದರು. ತಲೆಮಾರುಗಳಿಂದ ತಮ್ಮ ಸ್ವಂತ ಸೋಮಾರಿತನದ ಮೇಲೆಯೇ ನಿಂತಿದ್ದ ಗಂಡಸರಿಗೆ ಮೊದಲ ಬಾರಿಗೆ ವೈಜ್ಞಾನಿಕ ಆಧಾರ ಸಿಕ್ಕಿತ್ತು. ಖಾನಾವಳಿ ಬಣಗುಟ್ಟಿತು. ಬಸ್ಸುಗಳು ಕೆಡುವುದನ್ನು ಬಿಟ್ಟವು. ಉಣ್ಣಲು ಉಳಿದವನು ನಾನೊಬ್ಬ; ಅಂಥ ನೂರು ಜನರಿಗೆ ನಾನೊಬ್ಬ ಸಾಕು ಎಂಬುದು ಬೇರೆ ಮಾತು.

ಆಗ ಬಂದಳು ಗೌರಾಬಾಯಿ. ಈರಭದ್ರಪ್ಪನ ಒಡಹುಟ್ಟಿದ ತಂಗಿ, ಊರಿನ ಶೀಲ ಸಂರಕ್ಷಣಾ ಮಹಿಳಾ ಮಂಡಳದ ಅಧ್ಯಕ್ಷೆ. ಹುಡುಗಿಯರು ಸೈಕಲ್ ಹತ್ತಬಾರದೆಂದು ಊರಿನಲ್ಲಿ ಠರಾವು ಮಾಡಿಸಿದ ಮಹಾತಾಯಿ. ಆಕೆ ಬೀದಿಗೆ ಬಂದರೆ ಬೇಲಿಯ ಮೇಲೆ ಒಣಹಾಕಿದ ಬಟ್ಟೆಗಳೂ ಮೈ ಮುಚ್ಚಿಕೊಳ್ಳುತ್ತಿದ್ದವು.

"ವೈನಿ," ಎಂದಳು ಅತ್ತಿಗೆಗೆ, ಹೊಸ್ತಿಲಲ್ಲೇ ನಿಂತು, "ನಮ್ಮ ಅಣ್ಣಗ ಏನ್ ಹಾಕಿ ಈ ಗತಿಗೆ ತಂದಿ?"

"ರೊಟ್ಟಿ ಹಾಕೀನಿ, ಪಲ್ಯ ಹಾಕೀನಿ. ಬಾ ಗೌರವ್ವ, ನಿನಗೂ ಹಾಕ್ತೀನಿ."

"ವಿಷ ಹಾಕಿ! ಪೇಪರ್‌ನ್ಯಾಗ ಬಂದೈತಿ."

"ಪೇಪರ್‌ನ್ಯಾಗ ನಿನ್ನ ಫೋಟೋನೂ ಬಂದಿತ್ತು, ಸಮಾಜಸೇವಕಿ ಅಂತ. ಎಲ್ಲಾ ನಂಬಲಿಕ್ಕಾಗ್ತದೇನು?"

ಗೌರಾಬಾಯಿಯ ಮೂಗು ಕೆಂಪಾಯಿತು. "ಅಣ್ಣ ಇನ್ನ ನಮ್ಮನ್ಯಾಗ ಇರ್ತಾನ. ತುಪ್ಪ ಅನ್ನ ಉಣ್ತಾನ. ನೀ ಅವನ ಮಗ್ಗಲಾ ಕುಂತು ಬಾಚಿಕೊಂಡದ್ದು ಸಾಕು." ಆಮೇಲೆ ದನಿ ತಗ್ಗಿಸಿ ಕೇಳಿದಳು: "ಇಲ್ಲೀತನಕ ಏನೇನ್ ಬಿದ್ದಾವ ನಿನ್ನ ತಲ್ಯಾಗ?"

"ಬಸ್ಸು."

"ಮತ್ತ?"

"ಮತ್ತೂ ಬಸ್ಸು."

ಈ ಕೊನೆಯ ಪ್ರಶ್ನೆಯೇ ನಿಜವಾದ ಪ್ರಶ್ನೆ. ಸೋಯಾ ಬರೀ ಸೆರಗು. ನಿಮಗೆ ಮಾತ್ರ ಹೇಳುತ್ತೇನೆ, ಯಾರಿಗೂ ಹೇಳಬೇಡಿ. ಗೌರಾಬಾಯಿ ಹರೆಯದಲ್ಲಿ ಊರಿಗೆ ಬಂದಿದ್ದ ಸೈಕಲ್ ಆಟದವನ ಜೊತೆ ಓಡಿಹೋಗಿದ್ದಳು. ಹಗಲೂ ರಾತ್ರಿ ಸೈಕಲ್ಲಿನಿಂದ ಇಳಿಯದೆ, ಅದರ ಮೇಲೆಯೇ ಉಂಡು, ಸ್ನಾನ ಮಾಡಿ, ಮೈದಾನದ ಕಂಬ ಸುತ್ತುವ ಆಟ ಅವನದು. ಆಕೆ ಕ್ಯಾರಿಯರಿನ ಮೇಲೆ ಕೂತಳು, ಅವನು ತುಳಿದ. ಆದರೆ ಓಡಿಹೋಗಬೇಕಾದವನು ನೇರ ಹೋಗಬೇಕು. ಆ ಪುಣ್ಯಾತ್ಮನಿಗೆ ಸುತ್ತುವುದು ಮಾತ್ರ ಗೊತ್ತಿತ್ತು. ತುಳಿದು ತುಳಿದು ಬೆಳಗಿನ ಜಾವ ಇಬ್ಬರೂ ನಮ್ಮೂರಿನ ಬಸ್ ನಿಲ್ದಾಣಕ್ಕೇ ಬಂದು ಮುಟ್ಟಿದರು. ಅಲ್ಲಿ ಮೈಕಿನ ಮುಂದೆ ಅಣ್ಣ ಕೂತಿದ್ದ. ಅವನು ತಂಗಿಗೆ ಬನ್ನು ಚಹಾ ಕೊಡಿಸಿ, ಮನೆಗೆ ಕರೆದೊಯ್ದು, ಜನ್ಮವಿಡೀ ಬಾಯಿ ಬಿಡಲಿಲ್ಲ. ಆ ನೆನಪು ಎಂದೋ ನಿಂಬೆವ್ವನಿಗೆ ಬಿದ್ದಿತ್ತು. ಆಕೆ ಅದಕ್ಕೆ, ರದ್ದಾದ ಬಸ್ಸಿಗೆ ಕೊಡುವಷ್ಟು ಮಾನವನ್ನೂ ಕೊಡದೆ, ನನಗೆ ಪಲ್ಯ ಬಡಿಸುತ್ತ ಬಗ್ಗಿದಾಗ ಮರೆತುಬಿಟ್ಟಳು. ಮಗ್ಗುಲಲ್ಲಿದ್ದವನು ನಾನು. ಈಗ ಅದು ನಂದು. ಅಂದರೆ ಗೌರಾಬಾಯಿ ಯಾರಿಗೆ ಹೆದರಬೇಕಿತ್ತೋ ಅವನು ಮೂಲೆಯಲ್ಲಿ ಕೂತು ರೊಟ್ಟಿ ಮುರಿಯುತ್ತಿದ್ದ. ಆಕೆ ಹೆದರುತ್ತಿದ್ದುದು ಏನೂ ಗೊತ್ತಿಲ್ಲದ ನಿಂಬೆವ್ವನಿಗೆ.

ವಿಷಯ ಪಂಚಾಯತಿಗೆ ಹೋಯಿತು. ದವಾಖಾನೆಗೆ ಹೊಸದಾಗಿ ಬಂದಿದ್ದ ಡಾಕ್ಟರ್ ನಸೀಮಾ ಅವರನ್ನು ಕರೆಸಿದರು. ಆಕೆ ಪಾಪ ನೆಟ್ಟಗಿನ ಹೆಂಗಸು. "ಒಂದು ಕಡೆ ಸೋಯಾ ಗಟ್ಟಿ ತಿಂದವರಿಗೆ ಮರೆವು ಹೆಚ್ಚು ಕಂಡದ. ಅದೇ ಸೋಯಾ ಹುದುಗು ಬರಿಸಿ ತಿಂದವರಲ್ಲಿ ಕಡಿಮೆ ಕಂಡದ. ಇನ್ನೊಂದು ಕಡೆ ಏನೂ ಫರಕು ಕಂಡಿಲ್ಲ. ಅವರ ವಯಸ್ಸೋ, ಬಡತನವೋ, ಬೇರೆ ಊಟವೋ, ಯಾವುದರಿಂದ ಅಂತ ಹೇಳಲಿಕ್ಕೆ ಬರಂಗಿಲ್ಲ" ಎಂದರು.

"ಅಂದ್ರ ತಿನ್ನೂದೋ ಬಿಡೂದೋ?" ಎಂದರು ಚೇರ್ಮನ್ನರು.

"ಮಿತವಾಗಿ ತಿಂದರ ಹೆದರೂ ಕಾರಣ ನನಗ ಕಾಣವಲ್ದು. ಅದಕ್ಕಿಂತ ಹೆಚ್ಚು ನನಗ ಗೊತ್ತಿಲ್ಲ."

ಸಭೆಗೆ ಸಭೆಯೇ ಗೊಳ್ಳೆಂದಿತು. ಇಷ್ಟು ಓದಿ ಗೊತ್ತಿಲ್ಲ ಎನ್ನುವ ಡಾಕ್ಟರನ್ನು ನಮ್ಮೂರು ಅಲ್ಲಿಯವರೆಗೆ ಕಂಡಿರಲಿಲ್ಲ. ಹಿಂದಿನ ಡಾಕ್ಟರಿಗೆ ಏನೂ ಗೊತ್ತಿರಲಿಲ್ಲ, ಆದರೆ ಎಲ್ಲ ಗೊತ್ತು ಎನ್ನುತ್ತಿದ್ದ. ಅವನಿಗೆ ನಾವು ಶಾಲು ಹೊದಿಸಿ ಕಳಿಸಿದ್ದೆವು.

"ಡಾಕ್ಟರಿಗೆ ಗೊತ್ತಿಲ್ಲಂದ್ರ ನಾವ ಗೊತ್ತ್ ಮಾಡಿಕೋತೀವಿ," ಎಂದು ಚೇರ್ಮನ್ನರು ಮೀಸೆ ತಿರುವಿದರು. ಶಾಲೆಯ ಅಂಗಳದಲ್ಲಿ ಪರೀಕ್ಷೆ ಎಂದು ನಿಶ್ಚಯವಾಯಿತು. ಅರ್ಧ ಜನಕ್ಕೆ ದಿನಾ ಸೋಯಾ ವಡಿ, ಅರ್ಧ ಜನಕ್ಕೆ ಬದನೆಕಾಯಿ. ಕೊನೆಗೆ ಯಾರು ಏನು ಮರೆತರೆಂದು ಕೇಳುವುದು. ಸೋಯಾದವರನ್ನು ಒಂದು ಸಾಲು, ಬದನೆಕಾಯಿಯವರನ್ನು ಒಂದು ಸಾಲು ಕೂರಿಸಿದ್ದರೆ ಮುಗಿಯುತ್ತಿತ್ತು. ಆದರೆ ನಮ್ಮೂರಿನಲ್ಲಿ ಕೊಲೆಗೆ ಕ್ಷಮೆಯುಂಟು, ಪಂಕ್ತಿಭೇದಕ್ಕಿಲ್ಲ. ಒಂದು ಸಾಲಿಗೆ ಒಂದು ಪಲ್ಯ, ಇನ್ನೊಂದಕ್ಕೆ ಇನ್ನೊಂದು ಬಡಿಸುವುದೆಂದರೇನು? ಹಿರಿಯರು ಎದ್ದು ನಿಂತು ಗದರಿದರು. ಕೊನೆಗೆ ಒಬ್ಬ ಸೋಯಾ, ಒಬ್ಬ ಬದನೆಕಾಯಿ, ಒಬ್ಬ ಸೋಯಾ, ಒಬ್ಬ ಬದನೆಕಾಯಿ ಎಂದು ಹೆಗಲಿಗೆ ಹೆಗಲು ತಾಗಿಸಿ ಒಂದೇ ಪಂಕ್ತಿ ಮಾಡಿದರು. ಪಾಪ ತಪ್ಪಿತೆಂದು ಎಲ್ಲರಿಗೂ ಎಷ್ಟು ಸಮಾಧಾನವಾಯಿತೆಂದರೆ, ಹುಟ್ಟಿದಾಗಿನಿಂದ ಯಾರ ಮಗ್ಗುಲಿಗೆ ಕೂರಬೇಕೆಂದು ಲೆಕ್ಕ ಹಾಕುತ್ತಲೇ ಬಂದ ಆ ಜನಕ್ಕೆ ಅದೊಂದು ದಿನ ಆ ಲೆಕ್ಕ ಹೊಳೆಯಲೇ ಇಲ್ಲ.

ಸವಾಲು ಕೇಳುವ ದಿನ ಏನಾಯಿತೆಂದು ಹೇಳಬೇಕೇ? ಸೋಯಾ ತಿಂದ ಬಡಿಗೇರನಿಗೆ ತನ್ನ ಮದುವೆಯಾದದ್ದು ಯಾವ ತಿಂಗಳೆಂದು ನೆನಪಾಗಲಿಲ್ಲ. ಬದನೆಕಾಯಿ ತಿಂದ ಕಂಬಾರ ಎದ್ದು ತಿಂಗಳು ಹೇಳಿದ್ದಲ್ಲದೆ, ಬಡಿಗೇರನ ಹೆಂಡತಿ ಅವನನ್ನು ಏಕಾಂತದಲ್ಲಿ ಏನೆಂದು ಕರೆಯುತ್ತಾಳೆಂದೂ ಹೇಳಿದ. ಬಡಿಗೇರ ಉಳಿ ತರಲು ಓಡಿದ. ಅತ್ತ ಬದನೆಕಾಯಿ ತಿಂದ ಮಾಸ್ತರಿಗೆ ಸ್ವಂತ ಶಾಲೆಯ ಹೆಸರು ತಪ್ಪಿತು, ಸೋಯಾ ತಿಂದ ಕುರುಬ ಆ ಶಾಲೆಯ ಇಡೀ ಇತಿಹಾಸ ಒಪ್ಪಿಸಿದ. ಎರಡೂ ಮಗ್ಗುಲಿನವರದು ನನಗೇ ಬಿದ್ದಿದ್ದರಿಂದ ಆ ಅಂಗಳದಲ್ಲಿ ನನ್ನಷ್ಟು ಬುದ್ಧಿವಂತ ಇನ್ನೊಬ್ಬನಿರಲಿಲ್ಲ. ನಾನು ಬದನೆಕಾಯಿಯವನು. ಮಗ್ಗುಲಿನವನ ಸೋಯಾವನ್ನೂ ನಾನೇ ತಿಂದಿದ್ದೆ ಎಂಬುದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಡಾಕ್ಟರ್ ನಸೀಮಾ ಹಣೆಗೆ ಕೈ ಹಚ್ಚಿ ಕೂತಿದ್ದರು.

"ಸಿದ್ಧ ಆತಲ್ಲ!" ಎಂದು ಗೌರಾಬಾಯಿ ನನ್ನ ಕಡೆ ಬೆರಳು ಮಾಡಿದಳು. "ಬದನೀಕಾಯಿ ತಿಂದವನ ತಲಿ ನೋಡ್ರಿ ಹೆಂಗ ಓಡ್ತದ. ಇವತ್ತ ಅಣ್ಣನ ಕರಕೊಂಡು ಹೋಗ್ತೀನಿ."

ನಿಂಬೆವ್ವ ಎದ್ದಳು. ಸೀರೆಯ ಸೆರಗಿಗೆ ಹಿಟ್ಟು ಮೆತ್ತಿತ್ತು. "ಸೋಯಾ ಬಿಡಂದ್ರ ಬಿಡ್ತೀನ್ರಿ. ಖಾನಾವಳಿ ಮುಚ್ಚಂದ್ರ ಮುಚ್ತೀನಿ. ಅವರನ್ನ ನನ್ನ ಮಗ್ಗಲದಿಂದ ಎಬ್ಬಸಬ್ಯಾಡ್ರಿ. ಅವರಿಗೆ ಇನ್ನ ಉಳದಾಕಿ ನಾ ಒಬ್ಬಾಕಿ. ಆ ನೆನಪು ಬೀಳೂ ಹೊತ್ತಿಗೆ ಅಲ್ಲಿ ನಾ ಇರಬೇಕು. ಅದು ಹೋಗಿ ಈಕಿ ತಲ್ಯಾಗ ಬಿತ್ತಂದ್ರ ನಾ ಸತ್ತಂಗ."

ಚೇರ್ಮನ್ನರು ಎಡಗಂಬವನ್ನೂ ಬಲಗಂಬವನ್ನೂ ನೋಡಿದರು. ಎರಡೂ ಕಡೆ ಮತಗಳಿದ್ದಾಗ ಅವರಿಗೆ ನ್ಯಾಯ ಥಟ್ಟನೆ ಹೊಳೆಯುತ್ತದೆ. "ಈರಭದ್ರಪ್ಪ ಇರೂದು ನಿಂಬೆವ್ವನ ಮನ್ಯಾಗ. ಊಟಕ್ಕ ಮಾತ್ರ ಎಡಕ್ಕ ಹೆಂಡತಿ, ಬಲಕ್ಕ ತಂಗಿ ಕುಂದರಬೇಕು. ತಾಟಿನ್ಯಾಗ ಸೋಯಾನೂ ಇರಲಿ, ಬದನೀಕಾಯೂ ಇರಲಿ. ಮುಂದಿನ ಪೇಪರ್ ಬರೂತನಕ ಹೀಂಗ."

ಜೋಳದ ಚೀಲ ಎತ್ತಿದರು, ಗೌರಾಬಾಯಿ ಕೂತಳು. ಮೊದಲ ದಿನವೇ ಅಣ್ಣನ ಕಿವಿಯಲ್ಲಿ ಉಸುರಿದಳು: "ಅಣ್ಣಾ, ಸೈಕಲ್ ನೆಪ್ಪೈತೇನು?"

"ಯಾವ ಸೈಕಲ್?"

ಗೌರಾಬಾಯಿ ಉಸಿರು ಬಿಟ್ಟಳು. ಮರುಗಳಿಗೆಯೇ ಆ ಉಸಿರು ತಿರುಗಿ ಒಳಕ್ಕೆ ಹೋಯಿತು. ಮರೆತಿದ್ದಾನೆ ಎಂದರೆ ಎಲ್ಲಿಗೋ ಬಿದ್ದಿದೆ. ಎಲ್ಲಿಗೆ? ಆಗ ಸರಿಯಾಗಿ ನಿಂಬೆವ್ವ ನಕ್ಕಳು. ಒಲೆಯ ಮೇಲಿನ ರೊಟ್ಟಿ ಚೆನ್ನಾಗಿ ಉಬ್ಬಿತ್ತು, ಅದಕ್ಕೆ ನಕ್ಕಳು. ಗೌರಾಬಾಯಿಗೆ ಹಾಗನ್ನಿಸಲಿಲ್ಲ. ಅಂದಿನಿಂದ ಆಕೆಯ ನಾಲಿಗೆ ಬೆಲ್ಲವಾಯಿತು. "ವೈನಿ, ನೀರು ನಾ ತರ್ತೀನಿ. ವೈನಿ, ಹೊಗಿ ಹತ್ತೀತು, ಅತ್ತಾಗ ಸರಿ." ಸೈಕಲ್ಲಿನ ಠರಾವೂ ಸದ್ದಿಲ್ಲದೆ ರದ್ದಾಯಿತು. ನಿಂಬೆವ್ವ ನನ್ನನ್ನು ಕೇಳಿದಳು: "ಈಕಿಗೇನ್ ಆಗೇತೋ? ಸೋಯಾ ತಾಕೇತೇನು?" ನಾನು ತುಂಬ ಪ್ರಯಾಸದಿಂದ ಬಾಯಿ ಮುಚ್ಚಿಕೊಂಡು ಕೂತೆ. ಬೇಕಾದರೆ ಲೋಕದ ದೊಡ್ಡ ಪವಾಡಗಳಲ್ಲಿ ಇದನ್ನೂ ಬರೆದುಕೊಳ್ಳಿ.

ಮುಂದಿನ ಪೇಪರೂ ಬಂತು. ಇನ್ಯಾವುದೋ ದೇಶದಲ್ಲಿ ಸೋಯಾ ತಿನ್ನುವ ಹೆಂಗಸರಿಗೆ ನೆನಪು ಚೆನ್ನಾಗಿತ್ತಂತೆ, ಅದೂ ಖಚಿತವಿಲ್ಲವಂತೆ. ನಳದ ಪಾಳಿ ಮುಟ್ಟುವಷ್ಟರಲ್ಲಿ ಅದು ಸೋಯಾ ತಿಂದವರಿಗೆ ಹಿಂದಿನ ಜನ್ಮವೂ ನೆನಪಾಗುತ್ತದೆ ಎಂದಾಗಿತ್ತು. ಖಾನಾವಳಿ ಬಿರಿಯುವಂತೆ ಜನ ತುಂಬಿದರು. ಬೇಗ ಬಂದವರ ಸಾಲಿನಲ್ಲಿ ಮೊದಲಿಗರು ಚೇರ್ಮನ್ನರು. ಗೌರಾಬಾಯಿಗೆ ಇನ್ನು ಬಲಕ್ಕೆ ಕೂರಬೇಕಾದ ಕಾರಣವಿರಲಿಲ್ಲ. ಆದರೆ ಏಳುವ ಧೈರ್ಯವೂ ಇರಲಿಲ್ಲ.

ಆ ಮಧ್ಯಾಹ್ನ ಗದ್ದಲವೋ ಗದ್ದಲ. ಈರಭದ್ರಪ್ಪ ಅರ್ಧ ಉಂಡಿದ್ದ. ಗೌರಾಬಾಯಿ ರೊಟ್ಟಿ ಮುರಿದು ಕೊಟ್ಟಳೆಂದು ಅವನು ಬಲಕ್ಕೆ ವಾಲಿದ. ನಿಂಬೆವ್ವ ಎಡಗಡೆಯಿಂದ ಬಗ್ಗಿ ತಾಟಿಗೆ ಪಲ್ಯ ಹಾಕಿದಳು. ಅವನು ತಲೆ ಎತ್ತಿ, ಊರಿಗೆ ಹೊಸದಾಗಿ ಬಂದವರನ್ನು ನೋಡುವ ಮರ್ಯಾದೆಯಲ್ಲಿ ನೋಡಿ ಕೇಳಿದ: "ಯಾರವ್ವಾ ತಾವು?"

ನಿಂಬೆವ್ವನ ಕೈಯ ಸೌಟು ನಿಂತಿತು. ಕಣ್ಣು ಮುಚ್ಚಿ ಕಾದಳು. ಏನೂ ಬೀಳಲಿಲ್ಲ. ಕಣ್ಣು ತೆರೆದರೆ ಗೌರಾಬಾಯಿ ಬಾಯಿ ತೆರೆದುಕೊಂಡು ಇವಳನ್ನೇ ನೋಡುತ್ತಿದ್ದಾಳೆ. ಇಷ್ಟು ವರ್ಷ ಒಲೆಯ ಮಸಿ ನೋಡಿದಂತೆ ನೋಡುತ್ತಿದ್ದ ಕಣ್ಣುಗಳು ಅವೇ ಹೌದೋ ಅಲ್ಲವೋ ಎನ್ನುವ ಹಾಗೆ ಹನಿಗೂಡಿವೆ.

"ಬಿತ್ತೇನು?" ಎಂದಳು ನಿಂಬೆವ್ವ.

"ಬಿತ್ತು, ವೈನಿ."

"ಅದು ನಂದು. ಕೊಡು."

"ಹೆಂಗ ಕೊಡ್ಲಿ? ನನಗ ಮರಿಯೂದಾಗವಲ್ದು. ಮರೀಬೇಕಂತ ಅನಸೂದೂ ಇಲ್ಲ."

"ಬಾಯಿಲೇ ಕೊಡು ಮತ್ತ. ಒಂದೂ ಬಿಡದಂಗ ಹೇಳು."

ಗೌರಾಬಾಯಿ ಅವಳ ಮುಖವನ್ನೇ ನೋಡುತ್ತ ಹೇಳತೊಡಗಿದಳು. "ಅಣ್ಣ ನಿನ್ನ ಮೊದಲ ಸಲ ಕಂಡ ದಿನ ನೀ ಹಸರ ಸೀರಿ ಉಟ್ಟಿದ್ದಿ. ಬಸ್ ಸ್ಟ್ಯಾಂಡಿನ ಮೂಲಿ ಕಲ್ಲ ಮ್ಯಾಲೆ ಗಂಟಿಟಗೊಂಡು ಕುಂತಿದ್ದಿ. ಬಿಸಲಿಗೆ ಮುಖ ಕೆಂಪಾಗಿತ್ತು. ಯಾರೋ ಮುದುಕಿಗೆ ಜಾಗಾ ಬಿಟ್ಟು ನಿಂತಿ. ಅಯ್ಯ, ಇಷ್ಟು ಚಂದ ಇದ್ದೆಲ್ಲ ವೈನಿ, ನಾ ಯಾಕ ಒಮ್ಮೆನೂ ನೋಡಲಿಲ್ಲ? ನಿಮ್ಮ ಸೋದರತ್ತಿ ಊರಿನ ಬಸ್ಸು ಬಂದು ಮೊದಲನೇ ಕಟ್ಟಿಗೆ ನಿಂತಿತ್ತು. ಅವ ನಿನ್ನ ನೋಡಿದ, ಬಸ್ ನೋಡಿದ, ಮತ್ತ ನಿನ್ನ ನೋಡಿದ. ಮೈಕ್ ಹಿಡದು, ಬಸ್ಸು ಕಡೀ ಕಟ್ಟಿಗೆ ಬರ್ತದ ಅಂತ ಕೂಗಿಬಿಟ್ಟ."

"ಏನಂದಿ?"

"ಬೇಕಂತನ ಕೂಗಿದ, ವೈನಿ. ನೀ ಗಂಟು ಹೊತಗೊಂಡು ಆ ಕಡೆ ಓಡಿದಿ, ಬಸ್ಸು ಈ ಕಡೆ ಹೋತು. ಇನ್ನೊಂದು ಬಸ್ಸು ಸಂಜಿಗೆ. ಅಲ್ಲೀತನಕ ನೀ ಕಣ್ಣಮುಂದ ಇರ್ತಿ ಅಂತ ಅವನ ಎದಿ ನಗಾರಿ ಹೊಡದಂಗ ಹೊಡಕೊಂತು. ಈಗ ನಂದು ಹೊಡಕೋಳಿಕತ್ತೇತಿ ನೋಡು."

ನಿಂಬೆವ್ವ ಸೌಟನ್ನು ಪಾತ್ರೆಗೆ ಕುಕ್ಕಿದಳು. "ಬಸ್ ತಪ್ಪಿಸಿಕೊಂಡ ಹೆಡ್ಡಿ ಅಂತ ನಮ್ಮಪ್ಪ ಸಾಯೂತನಕ ಬೈದ! ನಾನೂ ಹೌದಂತ ತಿಳಕೊಂಡಿದ್ನಿ. ಲಫಂಗ! ಇಷ್ಟ ವರ್ಷ ಒಂದು ಮಾತು ಹೇಳಲಿಲ್ಲಲ್ಲ!" ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ಎಂಬುದನ್ನು ನನ್ನಂಥ ನನಗೇ ಹೇಳಲಾಗಲಿಲ್ಲ.

ತನ್ನ ಎಡಕ್ಕೊಂದು ಬಲಕ್ಕೊಂದು ಹೆಂಗಸು ಯಾಕೆ ಕಣ್ಣೊರೆಸಿಕೊಳ್ಳುತ್ತಿದ್ದಾರೆಂದು ತಿಳಿಯದೆ ಈರಭದ್ರಪ್ಪ ಸಂಕೋಚದಿಂದ ಒಂದು ಸೋಯಾ ವಡಿಯನ್ನು ಬಾಯಿಗಿಟ್ಟುಕೊಂಡ. ಅಗಿದ. ಮುಖ ಅರಳಿತು. "ಭಾಳ ಚಲೋ ಆಗೇತಿ," ಎಂದ. "ಯಾರು ಮಾಡ್ಯಾರವ್ವಾ ಇದನ್ನ?"

ನಿಂಬೆವ್ವ ಅವನ ತಾಟಿಗೆ ಇನ್ನೊಂದು ಸೌಟು ಹಾಕಿದಳು.

"ಯಾರೋ ಬಸ್ ತಪ್ಪಿಸಿಕೊಂಡಾಕಿ ಮಾಡ್ಯಾಳ್ರಿ," ಎಂದಳು. "ಉಣ್ರಿ."